ಕೈಗವಸು

ಎರಡನೇ ಸರಣಿಯ ಏಳನೇ ಕಂತಿನಲ್ಲಿ
ಅವನನ್ನು ಕೊಂದರು.
ದೀಪಸ್ತಂಭದ ಏಣಿ, ಮಂಜು, ಒಂದು ಕಾಲು ಜಾರಿದ್ದು,
ಆಮೇಲೆ ಸೋಪಿನ ಜಾಹೀರಾತು.

ಕ್ಯಾಬೇಜು ಹೆಚ್ಚುತ್ತಿದ್ದೆ.
ಒಳಗಿನಿಂದ ಅಮ್ಮ: ಯಾರು ಸತ್ತರು, ಯಾಗೊಡಾ?
ಯಾರೂ ಇಲ್ಲಮ್ಮ, ಟೀವಿ.
ಈರುಳ್ಳಿಯಿಲ್ಲದ ಅಡುಗೆಗೆ ಮೂಗು ಯಾಕೆ ಸೊರಗುಟ್ಟುತ್ತಿದೆ ಮತ್ತೆ?

ನನಗೆ ನಲವತ್ತಮೂರು.
ಗ್ಡಿನ್ಯಾದ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗ.
ಬೆಳಗಿನ ಐದೂಕಾಲರ ಟ್ರಾಲಿಬಸ್ಸು
ತಂತಿಗೆ ಜೋತುಬಿದ್ದು ತೂಕಡಿಸುತ್ತ ಬರುತ್ತದೆ.
ಕಿವಿಯಲ್ಲಿ ಐವರು ಹುಡುಗಿಯರು, ಸೋಲ್ ನಗರದವರು.
ಅವರ ಭಾಷೆಯಲ್ಲಿ ನನಗೆ ಗೊತ್ತಿರುವುದು ಏಳೇ ಮಾತು:
ಹೃದಯ, ಬೇಡ, ಹೂಂ, ನಾಳೆ, ಚಂದ್ರ, ಹಸಿವು, ಬಾ.
ಏಳು ಮಾತಿನಲ್ಲಿ ಇಡೀ ಚಳಿಗಾಲ ದಾಟಬಹುದು,
ದಾಟಿದ್ದೇನೆ.

ಐವರಲ್ಲಿ ನನ್ನವಳು ಹಿಂದೆ ನಿಲ್ಲುವವಳು,
ಹಾಡಿಗೆ ಎರಡು ಸಾಲಷ್ಟೇ ಸಿಗುವವಳು.
ಆ ಎರಡು ಸಾಲು ಹತ್ತಿರ ಬಂದಾಗ ಉಸಿರು ಬಿಗಿಹಿಡಿಯುತ್ತೇನೆ,
ಶಾಲೆಯ ವೇದಿಕೆಗೆ ತಂಗಿ ಹತ್ತಿದ ಹಾಗೆ.
ಎದುರು ಕೂತ ಬಂದರಿನ ಕೆಲಸಗಾರ
ನನ್ನ ತುಟಿ ನೋಡಿ, ಪಾಪ, ಜಪಮಣಿ ಎಣಿಸುತ್ತಾಳೆ ಅಂದುಕೊಂಡಿರಬೇಕು.
ಹಾಗೇ ಅಂದುಕೊಳ್ಳಲಿ.

ಟೈಮನ್‌ನನ್ನು ಬದುಕಿಸಲು ಹೆಚ್ಚೇನೂ ಬೇಕಾಗಲಿಲ್ಲ.
ಏಣಿಯ ಬುಡದಲ್ಲಿ ಅವನಿಗೆ ಕೈಗವಸು ನೆನಪಾಯಿತು,
ಅಡುಗೆಮನೆಗೆ ಹಿಂತಿರುಗಿದ.
ಅಷ್ಟರಲ್ಲಿ ಗಾಳಿ ಮಗ್ಗುಲು ಬದಲಿಸಿತು.
ಅದು ಮೊದಲ ಅಧ್ಯಾಯ. ಈಗ ನಡೆಯುತ್ತಿರುವುದು ಅರವತ್ತೊಂದು.
ಅವನ ಹಲ್ಲುನೋವು ಬರೆದೆ. ಬಾಡಿಗೆ ಬಾಕಿ ಬರೆದೆ.
ರೇಡಿಯೋ ಕೋಣೆಯ ಇಗ್ನಾತ್ಸಿಯ ಮೇಲೆ ಅವನಿಗಿದ್ದದ್ದನ್ನು
ಟೀವಿಯವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ
ಕಂತಿನ ಮೇಲೆ ಕಂತು ಇಟ್ಟೇ ಇದ್ದರು;
ನಲವತ್ತನೆಯದರಲ್ಲಿ ನಾನದನ್ನು ಕೆಳಗಿಳಿಸಿ
ಇಬ್ಬರೂ ಉಣ್ಣುವ ಮೇಜಿನ ಮೇಲಿಟ್ಟೆ.

ಓದುವವಳು ಒಬ್ಬಳೇ,
ಇಸ್ತ್ರಿಯಂತ್ರದ ಆಚೆ ತುದಿಯ ಗ್ರಾಝಿನಾ.
ಚಾದರದ ಎರಡು ಮೂಲೆ ಅವಳಿಗೆ, ಎರಡು ನನಗೆ.
ಮಡಿಸುತ್ತ ಹತ್ತಿರ ಬಂದಾಗ ಒಂದು ಮಾತು,
ದೂರ ಸರಿದರೆ ಯಂತ್ರದ ಸದ್ದು.
ನಿನ್ನೆಯದು ಓದಿದೆ.
ಹೂಂ?
ಅಷ್ಟು ಜ್ವರ ಅವನಿಗೆ. ಒಬ್ಬರೂ ಸೂಪು ಕೊಡಲಿಲ್ಲ.

ಜನವರಿಯಲ್ಲಿ ದಣಿದಿದ್ದೆ. ಮೂರೂವರೆಗೇ ಕತ್ತಲು.
ಮುಗಿಸಿಬಿಡೋಣ ಅನ್ನಿಸಿತು,
ಅವರಿಗಿಂತ ಚೆನ್ನಾಗಿ, ಒಂದು ಒಳ್ಳೆಯ ಸಾವು:
ಬೆಳ್ಳನೆ ಹಾಸಿಗೆ, ಕಡಲಿನ ಕಿಟಕಿ,
ಬೆರಳು ಹಿಡಿದು ಕೂತ ಇಗ್ನಾತ್ಸಿ.
ಒಂದೇ ರಾತ್ರಿಯಲ್ಲಿ ಬರೆದೆ. ಅತ್ತೆ.
ಅಳು ಬರುವಷ್ಟು ಚೆನ್ನಾಗಿದೆ ಅಂತ ಒಳಗೊಳಗೇ ಬೀಗಿದೆ ಕೂಡ.

ಮಾರನೇ ದಿನ ಗ್ರಾಝಿನಾ
ಹಾಳೆಗಳನ್ನು ಏಪ್ರನ್ನಿನ ಜೇಬಿನಿಂದ ತೆಗೆದು ಹಿಂದೆ ಕೊಟ್ಟಳು,
ಮೂಲೆಗೆ ಮೂಲೆ ಕೂಡಿಸಿ ಮಡಿಸಿದ್ದವು.
ಆ ಚಾದರಗಳನ್ನು ಒಗೆಯುವವರು ನಾವೇ ಅಲ್ಲವೇ, ಯಾಗೊಡಾ, ಅಂದಳು.
ಒಳ್ಳೆಯ ಸಾವಿನವೂ ಬರುತ್ತವೆ.
ರಾಶಿಯಲ್ಲಿ ಗುರುತು ಹತ್ತುವುದಿಲ್ಲ.
ಯಂತ್ರ ಶುರುವಾಯಿತು. ಮತ್ತೆ ಮಾತಿಲ್ಲ.

ಆ ಸಂಜೆ ಬಸ್ಸಿನಲ್ಲಿ ಹಾಡು ಹಾಕಲಿಲ್ಲ.

ಮನೆಗೆ ಬಂದು, ಕೋಟು ಬಿಚ್ಚದೆ ಕೂತು,
ಇಗ್ನಾತ್ಸಿಯನ್ನು ಒಲೆಯ ಮುಂದೆ ನಿಲ್ಲಿಸಿದೆ.
ಅವನಿಗೆ ಅಡುಗೆ ಬಾರದು. ನನಗೂ ಅಷ್ಟಕ್ಕಷ್ಟೆ.
ಅಮ್ಮಾ, ಜ್ವರದ ಸೂಪಿಗೆ ಏನೇನು ಹಾಕುತ್ತೀ?
ಯಾರಿಗೆ?
ಟೀವಿಯವನಿಗೆ.
ಆ ಏಣಿಯಿಂದ ಬಿದ್ದವನಿಗಾ?
ಬೀಳಲಿಲ್ಲ.

ಗೋಡೆಯಾಚೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹಾಸಿಗೆ ಕಿರುಗುಟ್ಟಿತು.
ಕೋಳಿಯ ಬೆನ್ನಿನೆಲುಬು, ಕ್ಯಾರೆಟ್ಟು,
ಸಬ್ಬಸಿಗೆ ಕೊನೆಯಲ್ಲಿ, ಕುದಿ ಇಳಿದ ಮೇಲೆ.
ಅಷ್ಟು ಹೇಳಿ, ನಿದ್ದೆ ಹೋದಳೇನೋ ಅನ್ನುವಾಗ
ಮತ್ತೆ ಅಂದಳು:
ಉಪ್ಪು ಹಿಡಿದು ಹಾಕಲಿ. ಅವನಿಗೂ ಐವತ್ತು ದಾಟಿರಬೇಕು ಈಗ.